ಉಚ್ಚೆ ಚೆನ್ನಾಗೇ ಹೋಗ್ತಿದೆ, ಮತ್ತೆ ಕಿಡ್ನಿ ಹೇಗೆ ವೀಕ್? ಅಪ್ಪಯ್ಯನಿಗೆ ಏನು ಹೇಳಲಿ?

ತುಂಗೆಯ ದಡ, ತೀರ್ಥಹಳ್ಳಿ · ಶನಿವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯನಿಗೆ 64 ವರ್ಷ. ಹತ್ತು ವರ್ಷದಿಂದ ಬಿಪಿ ಇದೆ. ನೆನಪಾದಾಗ ಮಾತ್ರೆ ತಗೊಳ್ಳುತ್ತಾರೆ. ಅಡಿಕೆ ಕೊಯ್ಲು ಶುರುವಾದರೆ ಅದೂ ಇಲ್ಲ. ಕಳೆದ ವಾರ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಕ್ರಿಯಾಟಿನಿನ್ 1.8 ಬಂದಿದೆ. ಅದರ ಕೆಳಗೆ ಇಜಿಎಫ್‌ಆರ್ 41 ಅಂತ ಇದೆ. "ಕಿಡ್ನಿ ಸ್ವಲ್ಪ ವೀಕ್ ಆಗಿದೆ, ಉಪ್ಪು ಕಡಿಮೆ ಮಾಡಿ, ಮಾತ್ರೆ ಬಿಡಬೇಡಿ, ಮೂರು ತಿಂಗಳು ಬಿಟ್ಟು ಬನ್ನಿ" ಅಂದರು ಡಾಕ್ಟರ್. ಹೊರಗೆ ತುಂಬಾ ಜನ ಕಾಯುತ್ತಿದ್ದರು. ನಾನೂ ಜಾಸ್ತಿ ಕೇಳಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪಯ್ಯ ಕೇಳಿದರು: "ಉಚ್ಚೆ ಚೆನ್ನಾಗೇ ಹೋಗ್ತಿದೆಯಲ್ಲೇ. ಮತ್ತೆ ಕಿಡ್ನಿ ವೀಕ್ ಆಗೋದು ಹೇಗೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರಿಗೆ ಅರ್ಥವಾಗದಿದ್ದರೆ ಮಾತ್ರೆ ತಗೊಳ್ಳುವುದಿಲ್ಲ, ಅದು ನನಗೆ ಗೊತ್ತು. ಕಿಡ್ನಿ ಅಂದರೆ ಏನು, ಅದು ಏನು ಮಾಡುತ್ತದೆ ಅಂತ ತೋಟದ ಮನುಷ್ಯನಿಗೆ ತಿಳಿಯುವ ಹಾಗೆ ಯಾರಾದರೂ ಹೇಳುತ್ತೀರಾ?

ನಿವೃತ್ತ ಮೇಷ್ಟ್ರು, ಸಾಗರ · ಶನಿವಾರ ರಾತ್ರಿ 10:25

ತಂಗಿ, ನಿಮ್ಮ ಅಪ್ಪಯ್ಯ ಕೇಳಿರುವುದು ಬಹಳ ಒಳ್ಳೆಯ ಪ್ರಶ್ನೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿದ್ದೇನೆ, ಒಬ್ಬ ಹುಡುಗನೂ ಇದನ್ನು ಕೇಳಲಿಲ್ಲ.

ಗೊಂದಲ ಹೆಸರಿನಿಂದಲೇ ಶುರುವಾಗುತ್ತದೆ. ಪಠ್ಯದಲ್ಲಿ ಕಿಡ್ನಿಗೆ ಮೂತ್ರಜನಕಾಂಗ ಅನ್ನುತ್ತೇವೆ. ಮೂತ್ರ ಹುಟ್ಟಿಸುವ ಅಂಗ. ಹಾಗಾಗಿ ಮೂತ್ರ ಬರುತ್ತಿದ್ದರೆ ಅಂಗ ಸರಿಯಾಗಿದೆ ಅಂತಲೇ ಯಾರಿಗಾದರೂ ಅನ್ನಿಸುತ್ತದೆ. ಪತ್ರಿಕೆಯವರು ಮೂತ್ರಪಿಂಡ ಅಂತ ಬರೆಯುತ್ತಾರೆ. ಮೂತ್ರಕೋಶ ಬೇರೆ, ಅದು ಕೆಳಹೊಟ್ಟೆಯಲ್ಲಿ ಮೂತ್ರ ತುಂಬಿಕೊಳ್ಳುವ ಚೀಲ. ಮಾತಿನಲ್ಲಿ ಮೂರನ್ನೂ ಕಲಸಿಬಿಡುತ್ತೇವೆ. ನೀವು ಸುಮ್ನೆ ಕಿಡ್ನಿ ಅಂತಲೇ ಹೇಳಿ.

ಮೊದಲು ಜಾಗ ತೋರಿಸಿ. ಹೆಚ್ಚಿನವರು ಸೊಂಟ ಮುಟ್ಟಿಕೊಂಡು ಇಲ್ಲಿದೆ ಅನ್ನುತ್ತಾರೆ. ಕಿಡ್ನಿ ಇರುವುದು ಅದಕ್ಕಿಂತ ಮೇಲೆ. ಬೆನ್ನಿನ ಕಡೆ ಪಕ್ಕೆಲುಬು ಮುಗಿಯುತ್ತದಲ್ಲ, ಅಲ್ಲಿ ಬೆನ್ನುಮೂಳೆಯ ಆ ಕಡೆ ಒಂದು, ಈ ಕಡೆ ಒಂದು. ಮೇಲಿನ ಭಾಗಕ್ಕೆ ಕೊನೆಯ ಎರಡು ಪಕ್ಕೆಲುಬುಗಳ ಮರೆ ಇದೆ. ಬಲಗಡೆ ಮೇಲೆ ದೊಡ್ಡ ಲಿವರ್ ಕೂತಿರುವುದರಿಂದ ಬಲ ಕಿಡ್ನಿ ಎಡದ್ದಕ್ಕಿಂತ ಸ್ವಲ್ಪ ಕೆಳಗಿರುತ್ತದೆ. ಕರುಳಿರುವ ಚೀಲದ ಒಳಗೆ ಇವು ಇಲ್ಲ. ಅದರ ಹಿಂದೆ, ಬೆನ್ನಿನ ಸ್ನಾಯುವಿಗೆ ಒರಗಿಕೊಂಡು, ಸುತ್ತ ಕೊಬ್ಬು ಹೊದ್ದುಕೊಂಡಿವೆ. ಉಸಿರು ಎಳೆದಾಗ ಸ್ವಲ್ಪ ಕೆಳಗೆ ಜಾರುತ್ತವೆ, ಬಿಟ್ಟಾಗ ಮೇಲೆ ಬರುತ್ತವೆ. ಉದ್ದ 10ರಿಂದ 12 ಸೆಂಟಿಮೀಟರ್. ತೂಕ ಸುಮಾರು 150 ಗ್ರಾಂ. ಮುಷ್ಟಿ ಹಿಡಿದರೆ ಎಷ್ಟು ದೊಡ್ಡದೋ ಹೆಚ್ಚುಕಡಿಮೆ ಅಷ್ಟು.

ನಾನು ಮಟನ್ ಅಂಗಡಿಯಿಂದ ಕುರಿಯ ಕಿಡ್ನಿ ತಂದು ಉದ್ದಕ್ಕೆ ಸೀಳಿ ಮಕ್ಕಳಿಗೆ ತೋರಿಸುತ್ತಿದ್ದೆ. ಅಲಸಂದೆ ಕಾಳಿನ ಆಕಾರ. ಒಳಬಾಗಿದ ಕಡೆ ಒಂದು ಕುಳಿ ಇದೆ. ರಕ್ತ ತರುವ ನಾಳ ಒಳಗೆ ಹೋಗುವುದು, ರಕ್ತ ಒಯ್ಯುವ ನಾಳ ಹೊರಗೆ ಬರುವುದು, ಮೂತ್ರದ ಕೊಳವೆ ಹೊರಡುವುದು ಎಲ್ಲವೂ ಅದೇ ಕುಳಿಯಲ್ಲಿ. ಮೇಲಿನ ತೆಳು ಪೊರೆಯನ್ನು ಉಗುರಿನಿಂದ ಸುಲಿಯಬಹುದು. ಸೀಳಿದರೆ ಎರಡು ಬಣ್ಣ ಕಾಣುತ್ತದೆ. ಹೊರಗಿನ ಪದರ ಸಣ್ಣ ಹರಳು ಹರಳಾಗಿ ಕಾಣುತ್ತದೆ. ಒಳಗಿನದು ಗೆರೆ ಗೆರೆಯಾಗಿದೆ. ಮನುಷ್ಯರಲ್ಲಿ ಈ ಒಳಪದರ 8ರಿಂದ 18 ಗೋಪುರಗಳಾಗಿ ಬೇರೆ ಬೇರೆ ನಿಂತಿರುತ್ತದೆ. ಕುರಿಯಲ್ಲಿ ಎಲ್ಲವೂ ಕೂಡಿಕೊಂಡು ಒಂದೇ ಏಣು. ಈ ವ್ಯತ್ಯಾಸ ಹೇಳದೆ ಇದ್ದರೆ ಮಕ್ಕಳು ಪುಸ್ತಕದ ಚಿತ್ರವನ್ನೇ ತಪ್ಪು ಅನ್ನುತ್ತಿದ್ದರು. ಪ್ರತಿ ಗೋಪುರದ ತುದಿಯಿಂದ ಮೂತ್ರ ಒಂದು ಸಣ್ಣ ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಬಟ್ಟಲುಗಳು ಸೇರಿ ಒಂದು ಆಲಿಕೆ. ಅಲ್ಲಿಂದ 25ರಿಂದ 30 ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ಮೂತ್ರಕೋಶಕ್ಕೆ. ಅದು ಸುಮ್ನೆ ಇಳಿದು ಹೋಗುವುದಲ್ಲ. ಕೊಳವೆಯೇ ಹಿಂಡಿ ಹಿಂಡಿ ತಳ್ಳುತ್ತದೆ. ಅದಕ್ಕೇ ಮಲಗಿದ್ದರೂ ಮೂತ್ರಕೋಶ ತುಂಬುತ್ತದೆ.

ಇಷ್ಟು ಕಣ್ಣಿಗೆ ಕಾಣುವ ಭಾಗ. ಕೆಲಸ ನಡೆಯುವುದು ಕಣ್ಣಿಗೆ ಕಾಣದ ಕಡೆ. ನಾಳೆ ಬರೆಯುತ್ತೇನೆ, ಕಣ್ಣು ಎಳೆಯುತ್ತಿದೆ.

ಬಾಳೆಗೊನೆ, ಹೊಸನಗರ · ಶನಿವಾರ ರಾತ್ರಿ 11:02

ಅಕ್ಕಾ, ಬಾಳೆದಿಂಡಿನ ರಸ ದಿನಾ ಬೆಳಿಗ್ಗೆ ಒಂದು ಲೋಟ ಕೊಡಿ. ನಮ್ಮ ದೊಡ್ಡಪ್ಪನಿಗೆ ಕಿಡ್ನಿ ಕಲ್ಲು ಇದ್ದಾಗ ಅದನ್ನೇ ಕುಡಿಸಿದ್ದು. ಕಲ್ಲು ಹೋಯಿತು. ಎಳನೀರೂ ಒಳ್ಳೆಯದು.

ನಿವೃತ್ತ ಮೇಷ್ಟ್ರು, ಸಾಗರ · ಭಾನುವಾರ ಬೆಳಿಗ್ಗೆ 7:15

ಮುಂದುವರಿಸುತ್ತೇನೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸಣ್ಣ ಸೋಸುವ ಘಟಕಗಳು, ಅಂದರೆ ನೆಫ್ರಾನ್‌ಗಳಿವೆ. ಪ್ರತಿಯೊಂದಕ್ಕೂ ತಲೆಯಲ್ಲಿ ನೂಲಿನ ಉಂಡೆಯ ಹಾಗೆ ಸುತ್ತಿಕೊಂಡ ಸಣ್ಣ ರಕ್ತನಾಳಗಳ ಗಂಟು, ಅದಕ್ಕೆ ಗ್ಲೊಮೆರುಲಸ್ ಅಂತ ಹೆಸರು. ಗಂಟಿನ ಸುತ್ತ ಒಂದು ಬಟ್ಟಲು. ಬಟ್ಟಲಿನಿಂದ ಹೊರಟ ಉದ್ದನೆಯ ಸಪೂರ ಕೊಳವೆ. ಹೊರಪದರದಲ್ಲಿ ಹರಳಿನ ಹಾಗೆ ಕಾಣುವ ಈ ಗಂಟುಗಳನ್ನು ಇಟಲಿಯ ಮಾಲ್ಪಿಗಿ 1666ರಲ್ಲೇ ವಿವರಿಸಿದ್ದ. ಬಟ್ಟಲಿಗೂ ಕೊಳವೆಗೂ ಇರುವ ಸಂಬಂಧವನ್ನು ಇಂಗ್ಲೆಂಡಿನ ಬೌಮನ್ ಬಿಡಿಸಿ ಹೇಳಿದ್ದು 1842ರಲ್ಲಿ.

ಈಗ ಅಪ್ಪಯ್ಯನಿಗೆ ಅಟ್ಟದ ಕಥೆ ಹೇಳಿ. ಮಳೆಗಾಲ ಮುಗಿದ ಮೇಲೆ ಅಟ್ಟ ಸ್ವಚ್ಛ ಮಾಡುತ್ತೇವಲ್ಲ, ಕತ್ತಲಲ್ಲಿ ಕೂತು ಕಸವನ್ನೇ ಹುಡುಕಿ ಹುಡುಕಿ ಹೆಕ್ಕುತ್ತೇವಾ? ಇಲ್ಲ. ಇರುವುದೆಲ್ಲವನ್ನೂ ಅಂಗಳಕ್ಕೆ ಇಳಿಸುತ್ತೇವೆ. ಆಮೇಲೆ ಬೇಕಾದ್ದನ್ನು ಒಂದೊಂದಾಗಿ ವಾಪಸ್ ಏರಿಸುತ್ತೇವೆ. ಕೊನೆಗೆ ಅಂಗಳದಲ್ಲಿ ಉಳಿದದ್ದು ಕಸ. ಕಿಡ್ನಿ ಮಾಡುವುದು ಇದೇ.

ಪ್ರತಿ ನಿಮಿಷ ಒಂದು ಲೀಟರಿಗೂ ಜಾಸ್ತಿ ರಕ್ತ ಎರಡು ಕಿಡ್ನಿಗೆ ಹೋಗುತ್ತದೆ. ಹೃದಯ ತಳ್ಳುವ ರಕ್ತದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು. ಇಷ್ಟು ಸಣ್ಣ ಅಂಗಕ್ಕೆ ಅಷ್ಟು ರಕ್ತ ಅದರ ಹೊಟ್ಟೆಪಾಡಿಗಲ್ಲ, ಸೋಸುವುದಕ್ಕೆ. ಆ ಗಂಟಿನಲ್ಲಿ ಒತ್ತಡಕ್ಕೆ ನೀರು, ಉಪ್ಪು, ಸಕ್ಕರೆ, ಯೂರಿಯಾ ಅನ್ನುವ ಕಸ, ಎಲ್ಲವೂ ಜಿನುಗಿ ಬಟ್ಟಲಿಗೆ ಬೀಳುತ್ತವೆ. ರಕ್ತಕಣ, ದೊಡ್ಡ ಪ್ರೋಟೀನ್‌ಗಳು ಒಳಗೇ ಉಳಿಯುತ್ತವೆ. ಅಟ್ಟದ ಮರದ ಪೆಟ್ಟಿಗೆ ಬಾಗಿಲಲ್ಲಿ ಹಿಡಿಸುವುದಿಲ್ಲವಲ್ಲ, ಹಾಗೆ. ಹೀಗೆ ಜಿನುಗುವುದು ನಿಮಿಷಕ್ಕೆ ಸುಮಾರು 125 ಮಿಲಿಲೀಟರ್. ದಿನಕ್ಕೆ 180 ಲೀಟರ್! ನಮ್ಮ ರಕ್ತದಲ್ಲಿರುವ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಬರೀ ಮೂರು ಲೀಟರ್. ಅದೇ ಮೂರು ಲೀಟರ್ ದಿನಕ್ಕೆ ಅರವತ್ತು ಸಲ ಅಂಗಳಕ್ಕೆ ಇಳಿದು ಹತ್ತುತ್ತದೆ.

ಹೊರಗೆ ಹೋಗುವ ಮೂತ್ರ ಒಂದೂವರೆ, ಎರಡು ಲೀಟರ್. ಉಳಿದ 178 ಲೀಟರ್ ವಾಪಸ್. ಕೊಳವೆಯ ಮೊದಲ ಸುರುಳಿಯಲ್ಲೇ ಮೂರನೇ ಎರಡು ಭಾಗ ನೀರು, ಉಪ್ಪು ಒಳಗೆ ಬರುತ್ತದೆ. ಸಕ್ಕರೆ ಪೂರ್ತಿ ಬರುತ್ತದೆ. ಆದರೆ ಅದನ್ನು ಹೊರುವವರಿಗೂ ಒಂದು ಮಿತಿ ಇದೆ. ರಕ್ತದಲ್ಲಿ ಸಕ್ಕರೆ 180 ದಾಟಿದರೆ ಕೆಲವಷ್ಟು ಅಂಗಳದಲ್ಲೇ ಉಳಿಯುತ್ತದೆ. ಸಕ್ಕರೆ ಕಾಯಿಲೆಯವರ ಉಚ್ಚೆಗೆ ಇರುವೆ ಮುತ್ತುತ್ತದೆ ಅಂತ ಹಿರಿಯರು ಹೇಳುತ್ತಿದ್ದದ್ದು ಇದಕ್ಕೇ. ಆಮೇಲೆ ಕೊಳವೆ ಒಳಪದರದ ಆಳಕ್ಕೆ ಇಳಿದು, ಯು ಆಕಾರದಲ್ಲಿ ತಿರುಗಿ ಮೇಲೆ ಬರುತ್ತದೆ. ಈ ತಿರುವು ಇರುವುದರಿಂದಲೇ ನಮಗೆ ಮೂತ್ರವನ್ನು ರಕ್ತಕ್ಕಿಂತ ನಾಲ್ಕು ಪಟ್ಟು ಗಟ್ಟಿ ಮಾಡಲು ಆಗುತ್ತದೆ.

ಈ ಪದ್ಧತಿಯ ಜಾಣತನ ನೋಡಿ. ಯಾವುದು ಕಸ ಅಂತ ಕಿಡ್ನಿಗೆ ಗೊತ್ತಿರಬೇಕಾಗಿಲ್ಲ. ಯಾವುದು ಬೇಕು ಅಂತ ಗೊತ್ತಿದ್ದರೆ ಸಾಕು. ನಮ್ಮ ಅಜ್ಜಂದಿರು ಕಂಡಿರದ ಎಷ್ಟೋ ಮಾತ್ರೆಗಳನ್ನು ಇವತ್ತು ನುಂಗುತ್ತೇವೆ, ಅವುಗಳಲ್ಲಿ ಎಷ್ಟೋ ಇದೇ ದಾರಿಯಲ್ಲಿ ಹೊರಗೆ ಹೋಗುತ್ತವೆ.

ಲ್ಯಾಬ್ ಮೇಜು, ಶಿವಮೊಗ್ಗ · ಭಾನುವಾರ ಬೆಳಿಗ್ಗೆ 10:40

ಮೇಷ್ಟ್ರೇ, ಎಷ್ಟು ಚೆನ್ನಾಗಿ ಹೇಳಿದ್ದೀರಿ! ನಾನು ಲ್ಯಾಬ್‌ನಲ್ಲಿ ದಿನಾ ಈ ನಂಬರುಗಳನ್ನು ಪ್ರಿಂಟ್ ಮಾಡಿ ಕೊಡುತ್ತೇನೆ. ಅಟ್ಟದ ಲೆಕ್ಕದಲ್ಲೇ ಅಪ್ಪಯ್ಯನ ಪ್ರಶ್ನೆಗೆ ಉತ್ತರ ಇದೆ.

ಇಜಿಎಫ್‌ಆರ್ 41 ಅಂದರೆ ಅವರ ಕಿಡ್ನಿ ನಿಮಿಷಕ್ಕೆ ಅಂದಾಜು 41 ಮಿಲಿಲೀಟರ್ ಸೋಸುತ್ತಿದೆ. ದಿನಕ್ಕೆ ಲೆಕ್ಕ ಹಾಕಿ, ಸುಮಾರು 59 ಲೀಟರ್ ಆಯಿತು. 180 ಇದ್ದದ್ದು 59ಕ್ಕೆ ಇಳಿದಿದೆ. ಆದರೆ ಅದರಲ್ಲಿ 57 ಲೀಟರ್ ವಾಪಸ್ ತಗೊಂಡರೂ ಎರಡು ಲೀಟರ್ ಮೂತ್ರ ಬಂದೇ ಬರುತ್ತದೆ. ಅಷ್ಟೇ ಬಣ್ಣ, ಅಷ್ಟೇ ಧಾರೆ. ಹಾಗಾಗಿ ಉಚ್ಚೆ ನೋಡಿ ಕಿಡ್ನಿ ಅಳೆಯಲು ಆಗುವುದಿಲ್ಲ.

ಹಾಗಾದರೆ ಕೊರತೆ ಎಲ್ಲಿ ಕಾಣುತ್ತದೆ? ರಕ್ತದಲ್ಲಿ. ಕ್ರಿಯಾಟಿನಿನ್ ನಮ್ಮ ಮಾಂಸಖಂಡಗಳಿಂದ ದಿನಾ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬರುವ ಕಸ. ಕಿಡ್ನಿ ಅದನ್ನು ವಾಪಸ್ ತಗೊಳ್ಳುವುದಿಲ್ಲ. ಅಂಗಳಕ್ಕೆ ಇಳಿಸುವುದು ಅರ್ಧಕ್ಕೆ ಇಳಿದರೆ ಕಸ ಅಟ್ಟದಲ್ಲೇ ಸೇರುತ್ತಾ ಹೋಗುತ್ತದೆ. ರಕ್ತದಲ್ಲಿ ಅದು ಎರಡು ಪಟ್ಟಾದಾಗ, ಇಳಿಸಿದ ಅರ್ಧದಲ್ಲೇ ದಿನದ ಕಸ ಪೂರ್ತಿ ಹೊರಗೆ ಹೋಗುತ್ತದೆ. ಅಲ್ಲಿಗೆ ನಿಲ್ಲುತ್ತದೆ. ಅಪ್ಪಯ್ಯನ 1.8 ಅಂದರೆ ಆ ನಿಂತ ಜಾಗ. ಗಂಡಸರಿಗೆ ಸಾಮಾನ್ಯವಾಗಿ 0.7ರಿಂದ 1.3ರ ಒಳಗೆ ಇರುತ್ತದೆ.

ಇನ್ನೊಂದು ಮಾತು. ಮೂತ್ರದಲ್ಲಿ ಅಲ್ಬುಮಿನ್ ಪರೀಕ್ಷೆ ಮಾಡಿಸಿದ್ದೀರಾ? ಮೇಷ್ಟ್ರು ಹೇಳಿದ ಆ ಬಾಗಿಲು ಸಡಿಲವಾದರೆ ದೊಡ್ಡ ಪೆಟ್ಟಿಗೆಯೂ ಜಾರಿ ಹೊರಗೆ ಬರುತ್ತದೆ. ಆ ಪೆಟ್ಟಿಗೆಯೇ ಅಲ್ಬುಮಿನ್ ಅನ್ನುವ ಪ್ರೋಟೀನ್. ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಅಂತ ಕೇಳಿ, 30ರ ಒಳಗಿರಬೇಕು. ಎಷ್ಟೋ ಜನರಲ್ಲಿ ಕ್ರಿಯಾಟಿನಿನ್ ಏರುವ ಮೊದಲೇ ಇದು ಏರಿರುತ್ತದೆ. ಮೂತ್ರದಲ್ಲಿ ಕರಗದ ನೊರೆ ನಿಲ್ಲುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಡಯಾಲಿಸಿಸ್ ಕೋಣೆ, ಶಿವಮೊಗ್ಗ · ಭಾನುವಾರ ಮಧ್ಯಾಹ್ನ 2:05

ನಾನು ಡಯಾಲಿಸಿಸ್ ಟೆಕ್ನಿಷಿಯನ್. ಮೊದಲು ಹೊಸನಗರದ ತಮ್ಮನಿಗೆ ಒಂದು ಮಾತು. ಕಲ್ಲು ಬೇರೆ, ಕಿಡ್ನಿ ಸೋಲುವುದು ಬೇರೆ. ಸಣ್ಣ ಕಲ್ಲು ನೀರು ಜಾಸ್ತಿ ಕುಡಿದರೆ ತಾನಾಗಿಯೇ ಹೋಗುವುದುಂಟು. ದೊಡ್ಡಪ್ಪನಿಗೆ ಒಳ್ಳೆಯದಾಗಿದ್ದು ಸಂತೋಷ. ಆದರೆ ಬಾಳೆದಿಂಡು, ಎಳನೀರು ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಒಳ್ಳೆಯ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಸೋತ ಕಿಡ್ನಿಗೆ ಆಗುವುದಿಲ್ಲ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಅಕ್ಕಾ, ಅಪ್ಪಯ್ಯನ ಪೊಟ್ಯಾಸಿಯಂ ಎಷ್ಟಿದೆ ನೋಡದೆ, ಡಾಕ್ಟರನ್ನು ಕೇಳದೆ ಇವನ್ನು ದಿನಾ ಕೊಡಬೇಡಿ. ಧಾರೆಹುಳಿಯಂತೂ ಬೇಡವೇ ಬೇಡ. ಕಿಡ್ನಿ ಸೋತವರಿಗೆ ಅದು ಮೆದುಳಿಗೇ ವಿಷವಾಗುತ್ತದೆ. ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು.

ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ ಇನ್ನೂ ಕೆಟ್ಟದ್ದು. ಮೇಷ್ಟ್ರು ಹೇಳಿದ ರಕ್ತನಾಳಗಳ ಗಂಟಿಗೆ ರಕ್ತ ತರುವ ನಾಳವನ್ನು ಅಗಲವಾಗಿ ಇಡುವ ರಾಸಾಯನಿಕವನ್ನೇ ಅದು ತಡೆಯುತ್ತದೆ. ನಾಳ ಬಿಗಿಯಾದರೆ ಸೋಸುವುದು ಇಳಿಯುತ್ತದೆ. ಅಡಿಕೆ ಸುಲಿಯುವ ದಿನಗಳಲ್ಲಿ ಸೊಂಟನೋವಿಗೆ ಅಂತ ದಿನಾ ನುಂಗಿದವರನ್ನು ನಾನು ನೋಡಿದ್ದೇನೆ. ಅಪ್ಪಯ್ಯನ ಅಂಗಿ ಜೇಬು ಒಮ್ಮೆ ನೋಡಿ.

ಈಗ ನಮ್ಮ ಯಂತ್ರದ ವಿಷಯ. ಅದನ್ನು ನೋಡಿದ ಮೇಲೆ ನನಗೆ ನಿಜವಾದ ಕಿಡ್ನಿಯ ಮೇಲೆ ಭಕ್ತಿಯೇ ಬಂದಿದೆ. ನೆದರ್ಲೆಂಡ್ಸ್‌ನ ಕೋಲ್ಫ್ ಎಂಬ ಡಾಕ್ಟರ್ ಯುದ್ಧದ ನಡುವೆ 1943ರಲ್ಲಿ ಸೆಲ್ಲೋಫೇನ್ ಕೊಳವೆ ಸುತ್ತಿ ಕೆಲಸಕ್ಕೆ ಬರುವ ಮೊದಲ ಕೃತಕ ಕಿಡ್ನಿ ಮಾಡಿದರು. 1945ರಲ್ಲಿ ಅದರಿಂದ ಮೊದಲ ರೋಗಿ ಬದುಕಿದರು. ಈಗ ನಮ್ಮಲ್ಲಿ ಒಬ್ಬರಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಒಂದು ಸಲಕ್ಕೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ವಾರದ 168 ಗಂಟೆಗಳಲ್ಲಿ ಯಂತ್ರ ಕೆಲಸ ಮಾಡುವುದು 12 ಗಂಟೆ. ಕಿಡ್ನಿಗೆ ಒಂದು ನಿಮಿಷವೂ ರಜೆ ಇಲ್ಲ.

ಯಂತ್ರ ಸೋಸುತ್ತದೆ, ಅಷ್ಟೇ. ಕಿಡ್ನಿ ಮಾಡುವ ಬೇರೆ ಕೆಲಸಗಳು ಅದಕ್ಕೆ ಬರುವುದಿಲ್ಲ. ಮೂಳೆಯ ಮಜ್ಜೆಗೆ "ಕೆಂಪುಕಣ ಮಾಡು" ಅಂತ ಹೇಳುವ ಎರಿಥ್ರೊಪೊಯೆಟಿನ್ ಬರುವುದು ಕಿಡ್ನಿಯಿಂದ. ಅದಕ್ಕೇ ನಮ್ಮ ರೋಗಿಗಳಿಗೆ ಹಿಮೋಗ್ಲೋಬಿನ್ ಇಳಿಯುತ್ತದೆ, ಇಂಜೆಕ್ಷನ್ ಕೊಡಬೇಕು. ವಿಟಮಿನ್ ಡಿ ಕೆಲಸಕ್ಕೆ ಬರುವ ರೂಪಕ್ಕೆ ತಿರುಗುವುದೂ ಕಿಡ್ನಿಯಲ್ಲೇ. ಇಲ್ಲದಿದ್ದರೆ ಮೂಳೆ ಸವೆಯುತ್ತದೆ. ಬಿಪಿ ಇಳಿದಾಗ ರೆನಿನ್ ಅನ್ನುವ ರಾಸಾಯನಿಕ ಬಿಟ್ಟು ಅದನ್ನು ಏರಿಸುವುದೂ ಅದೇ. ಬಿಪಿ ಕಿಡ್ನಿಯನ್ನು ಕೆಡಿಸುತ್ತದೆ, ಕೆಟ್ಟ ಕಿಡ್ನಿ ಬಿಪಿಯನ್ನು ಏರಿಸುತ್ತದೆ. ಮಾತ್ರೆ ಬಿಡಬೇಡಿ ಅಂದಿದ್ದು ಈ ಸುಳಿ ನಿಲ್ಲಿಸುವುದಕ್ಕೆ.

ಗದ್ದೆಬದು, ಸೊರಬ · ಭಾನುವಾರ ಸಂಜೆ 6:30

ನಮ್ಮ ಭಾವನಿಗೆ ಗದ್ದೆ ಕೊಯ್ಯುವಾಗ ಕೊಳಕುಮಂಡಲ ಕಚ್ಚಿತ್ತು. ಬೇಗ ಆಸ್ಪತ್ರೆಗೆ ಹೋದೆವು, ವಿಷದ ಮದ್ದು ಕೊಟ್ಟರು. ಆದರೂ ಎರಡನೇ ದಿನಕ್ಕೆ ಮೂತ್ರ ನಿಂತುಹೋಯಿತು. ಮೂರು ವಾರ ಡಯಾಲಿಸಿಸ್ ಆಯಿತು. ಆಮೇಲೆ ಒಂದು ದಿನ ಮೂತ್ರ ಬಂತು. ಅಕ್ಕ ಆ ದಿನ ಅತ್ತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಈಗ ಅವರ ಕ್ರಿಯಾಟಿನಿನ್ ಸರಿಯಾಗಿದೆ. ಅವರದ್ದು ಪೂರ್ತಿ ನಿಂತು ವಾಪಸ್ ಬಂತು. ಹಾಗಾದರೆ ಈ ಅಪ್ಪಯ್ಯನದ್ದೂ ವಾಪಸ್ ಬರಬಹುದಲ್ವಾ?

ನಿವೃತ್ತ ಮೇಷ್ಟ್ರು, ಸಾಗರ · ಭಾನುವಾರ ರಾತ್ರಿ 8:20

ಭಾವ ಉಳಿದದ್ದು ದೊಡ್ಡದು. ಆದರೆ ಎರಡೂ ಒಂದೇ ಅಲ್ಲ. ಹಾವಿನ ವಿಷದಿಂದ ಹೆಚ್ಚಾಗಿ ಪೆಟ್ಟು ಬೀಳುವುದು ಕೊಳವೆಯ ಒಳಗೋಡೆಯ ಜೀವಕೋಶಗಳಿಗೆ. ಗೋಡೆಯ ಚೌಕಟ್ಟು ಉಳಿದಿದ್ದರೆ ಹೊಸ ಕೋಶಗಳು ಹುಟ್ಟಿ ಮುಚ್ಚಿಕೊಳ್ಳುತ್ತವೆ. ಅಷ್ಟು ದಿನ ರೋಗಿಯನ್ನು ದಾಟಿಸುವುದೇ ಡಯಾಲಿಸಿಸ್‌ನ ಕೆಲಸ. ವಿಷ ಹೊರಪದರವನ್ನೇ ಸಾಯಿಸಿದ್ದರೆ ವಾಪಸ್ ಬರುವುದು ಕಷ್ಟ. ನಮ್ಮ ಕಡೆಯ ಇಲಿಜ್ವರವೂ ಕಿಡ್ನಿಗೇ ಹೋಗಿ ಕೂರುತ್ತದೆ. ಆ ರೋಗಾಣು ಇಲಿಯ ಕಿಡ್ನಿಯ ಕೊಳವೆಯಲ್ಲೇ ಮನೆ ಮಾಡಿಕೊಂಡು, ಅದರ ಮೂತ್ರದಲ್ಲಿ ಗದ್ದೆ ನೀರಿಗೆ ಬರುತ್ತದೆ. ಕಾಲಿನ ಗಾಯದಿಂದ ನಮ್ಮೊಳಗೆ ಹೋಗುತ್ತದೆ. ಮಳೆಗಾಲದಲ್ಲಿ ಗದ್ದೆಗೆ ಇಳಿದವರಿಗೆ ಜ್ವರ, ಮೀನಖಂಡದ ನೋವು ಬಂದರೆ ಕಾಯಬಾರದು. ಬೇಗ ಔಷಧಿ ಸಿಕ್ಕರೆ ಇದೂ ಗುಣವಾಗುತ್ತದೆ.

ವರ್ಷಗಟ್ಟಲೆ ಬಿಪಿಯಿಂದ ಹೋದದ್ದು ಬೇರೆ. ಅಲ್ಲಿ ನೆಫ್ರಾನ್‌ನ ಗಂಟೇ ಗಟ್ಟಿಯಾಗಿ ಮುಚ್ಚಿಹೋಗಿರುತ್ತದೆ. ನಾವು ಹುಟ್ಟುವ ಮೊದಲೇ ನೆಫ್ರಾನ್‌ಗಳ ಲೆಕ್ಕ ಮುಗಿದಿರುತ್ತದೆ. ಆಮೇಲೆ ಒಂದೂ ಹೊಸದು ಹುಟ್ಟುವುದಿಲ್ಲ. ಉಳಿದವು ಹೋದವುಗಳ ಪಾಲನ್ನೂ ಹೊರುತ್ತವೆ. ಅದಕ್ಕೇ ಅರ್ಧ ಹೋಗುವವರೆಗೂ ನೋವಿಲ್ಲ, ಸುಸ್ತಿಲ್ಲ. ಹೊರೆ ಜಾಸ್ತಿಯಾಗಿ ಅವೂ ಸವೆಯುತ್ತವೆ. ಆ ಹೊರೆ ಇಳಿಸುವುದಕ್ಕೇ ಉಪ್ಪು ಕಡಿಮೆ, ಬಿಪಿ ಹತೋಟಿ.

ಕಾಫಿ ಹೂವು, ಕೊಪ್ಪ · ಭಾನುವಾರ ರಾತ್ರಿ 9:45

ಉಳಿದದ್ದು ಹೊರುತ್ತದೆ ಅನ್ನುವುದಕ್ಕೆ ನಾನೇ ಸಾಕ್ಷಿ. ತಮ್ಮನಿಗೆ ಕಿಡ್ನಿ ಕೊಟ್ಟು ಆರು ವರ್ಷ ಆಯಿತು. ನನ್ನ ಒಂದೇ ಕಿಡ್ನಿ ಸ್ವಲ್ಪ ದೊಡ್ಡದಾಗಿದೆ, ಕ್ರಿಯಾಟಿನಿನ್ 1.1. ಕಾಫಿ ಕೊಯ್ಲಿಗೆ ಹೋಗುತ್ತೇನೆ, ಎಲ್ಲಾ ಕೆಲಸ ಮಾಡುತ್ತೇನೆ. ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪಿಸುವುದಿಲ್ಲ. ತಮ್ಮನಿಗೆ ಹೊಸ ಕಿಡ್ನಿ ಇಟ್ಟಿರುವುದು ಬೆನ್ನಿನಲ್ಲಿ ಅಲ್ಲ, ಮುಂದೆ ಕೆಳಹೊಟ್ಟೆಯ ಬಲಗಡೆ. ಹಳೆಯ ಎರಡೂ ಅಲ್ಲೇ ಇವೆ. ಈಗ ಅವನಿಗೆ ಮೂರು ಕಿಡ್ನಿ ಅಂದರೆ ಯಾರೂ ನಂಬುವುದಿಲ್ಲ. ಮನೆಯಲ್ಲಿ ಕೊಡುವವರು ಇಲ್ಲದಿದ್ದರೆ ನಮ್ಮ ರಾಜ್ಯದಲ್ಲಿ ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯಲ್ಲಿ ಆಸ್ಪತ್ರೆಯ ಮೂಲಕ ಹೆಸರು ನೋಂದಾಯಿಸಬಹುದು. ಅಕ್ಕಾ, ನಿಮ್ಮ ಅಪ್ಪಯ್ಯ ಆ ದಾರಿಯಿಂದ ಇನ್ನೂ ತುಂಬಾ ದೂರ ಇದ್ದಾರೆ. ಹೆದರಬೇಡಿ.

ಮಂಜಿನ ಘಾಟಿ, ಆಗುಂಬೆ · ಸೋಮವಾರ ಬೆಳಿಗ್ಗೆ 8:00

ಒಂದು ಸಣ್ಣ ಪ್ರಶ್ನೆ. ಇಲ್ಲಿ ಮಳೆ ಹಿಡಿದರೆ ಗಂಟೆಗೊಮ್ಮೆ ಮೂತ್ರಕ್ಕೆ ಏಳಬೇಕು. ಬೇಸಿಗೆಯಲ್ಲಿ ಶಿವಮೊಗ್ಗಕ್ಕೆ ಹೋದರೆ ಅರ್ಧ ದಿನ ಆದರೂ ಇಲ್ಲ. ಕಿಡ್ನಿಗೆ ಋತು ಗೊತ್ತಾಗುತ್ತದಾ?

ನಿವೃತ್ತ ಮೇಷ್ಟ್ರು, ಸಾಗರ · ಸೋಮವಾರ ಬೆಳಿಗ್ಗೆ 9:30

ಒಂದು ಲೆಕ್ಕದಲ್ಲಿ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಬೆವರಿನಲ್ಲಿ ನೀರು ಹೋಗಿ ರಕ್ತ ತುಸು ಗಟ್ಟಿಯಾಗುತ್ತದೆ. ಮೆದುಳು ಎಡಿಎಚ್ ಅನ್ನುವ ಹಾರ್ಮೋನ್ ಬಿಡುತ್ತದೆ. ನೆಫ್ರಾನ್‌ನ ಕೊನೆಯ ಕೊಳವೆಯಲ್ಲಿ ನೀರಿನ ಬಾಗಿಲು ತೆರೆಯುತ್ತದೆ. ನೀರು ವಾಪಸ್ ಬರುತ್ತದೆ, ಮೂತ್ರ ಕಡಿಮೆ ಮತ್ತು ಗಾಢ. ಮಳೆಯ ಚಳಿಯಲ್ಲಿ ಬೆವರು ಇಲ್ಲ. ಚರ್ಮದ ನಾಳಗಳು ಬಿಗಿಯಾಗಿ ರಕ್ತ ಒಳಗೆ ಸರಿಯುತ್ತದೆ. ದೇಹಕ್ಕೆ ನೀರು ಜಾಸ್ತಿ ಅನ್ನಿಸುತ್ತದೆ, ಎಡಿಎಚ್ ಇಳಿಯುತ್ತದೆ, ಆ ಬಾಗಿಲು ಮುಚ್ಚುತ್ತದೆ. ಆಗ ತೆಳು ಮೂತ್ರ ಜಾಸ್ತಿ.

ತುಂಗೆಯ ದಡ, ತೀರ್ಥಹಳ್ಳಿ · ಸೋಮವಾರ ರಾತ್ರಿ 9:00

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ! ಇವತ್ತು ಊಟದ ಮೇಲೆ ಅಪ್ಪಯ್ಯನಿಗೆ ಅಟ್ಟದ ಕಥೆ ಹೇಳಿದೆ. 180 ಲೀಟರ್ ಅಂದಾಗ ನಂಬಲಿಲ್ಲ. ಹಂಡೆ ತೋರಿಸಿ ಇಂಥದ್ದು ಎಷ್ಟು ಅಂತ ಕೇಳಿದರು. ಲ್ಯಾಬ್ ಅಕ್ಕನ 59 ಲೀಟರ್ ಲೆಕ್ಕ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಮೂರು ಆಳಲ್ಲಿ ಒಬ್ಬನೇ ದುಡೀತಿದ್ದಾನೆ" ಅಂದರು. ಅಂಗಿ ಜೇಬಲ್ಲಿ ನೋವಿನ ಮಾತ್ರೆಯ ಎರಡು ಪಟ್ಟಿ ಸಿಕ್ಕಿತು. ಅವರೇ ತೆಗೆದುಕೊಟ್ಟರು. ಅಪ್ಪೆಮಿಡಿ ಉಪ್ಪಿನಕಾಯಿ ಬಗ್ಗೆ ಮಾತ್ರ ಇನ್ನೂ ಜಗಳ ಇದೆ.

ಈಗ ಅವರದ್ದೇ ಇನ್ನೊಂದು ಪ್ರಶ್ನೆ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುತ್ತಾರೆ, ಒಂದು ವರ್ಷದಿಂದ. ಅದಕ್ಕೂ ಕಿಡ್ನಿಗೂ ಸಂಬಂಧ ಇದೆಯಾ?

ಲ್ಯಾಬ್ ಮೇಜು, ಶಿವಮೊಗ್ಗ · ಸೋಮವಾರ ರಾತ್ರಿ 9:50

ಇರಬಹುದು. ಒಳ್ಳೆಯ ಕಿಡ್ನಿ ರಾತ್ರಿ ಮೂತ್ರವನ್ನು ಗಟ್ಟಿ ಮಾಡಿ ಕಡಿಮೆ ಮಾಡುತ್ತದೆ, ಅದಕ್ಕೇ ನಿದ್ದೆಯ ನಡುವೆ ಏಳಬೇಕಾಗುವುದಿಲ್ಲ. ಸೋತ ಕಿಡ್ನಿ ಮೊದಲು ಕಳೆದುಕೊಳ್ಳುವ ಶಕ್ತಿಗಳಲ್ಲಿ ಇದೂ ಒಂದು. ಆದರೆ ಈ ವಯಸ್ಸಿನ ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿಯೂ ಹೀಗಾಗುತ್ತದೆ. ಅದು ಮೂತ್ರದ ದಾರಿಯನ್ನು ಒತ್ತಿ ಹಿಡಿದರೆ ಮೂತ್ರ ಹಿಂದಕ್ಕೆ ನಿಂತು ಕಿಡ್ನಿಗೇ ಪೆಟ್ಟು. ಅದು ಸರಿಪಡಿಸಬಹುದಾದ ಕಾರಣ, ಹಾಗಾಗಿ ತಪ್ಪಿಸಿಕೊಳ್ಳಬಾರದು. ಮೂರು ತಿಂಗಳು ಕಾಯಬೇಡಿ. ಈ ವಾರವೇ ಡಾಕ್ಟರಿಗೆ ಹೇಳಿ, ಹೊಟ್ಟೆಯ ಸ್ಕ್ಯಾನ್ ಬೇಕಾ ಅಂತ ಕೇಳಿ. ಸಕ್ಕರೆ ಪರೀಕ್ಷೆಯೂ ಜೊತೆಗೇ ಆಗಲಿ.

ತುಂಗೆಯ ದಡ, ತೀರ್ಥಹಳ್ಳಿ · ಸೋಮವಾರ ರಾತ್ರಿ 10:05

ಗುರುವಾರ ಮೊದಲ ಬಸ್ಸಿಗೆ ಹೊರಡುತ್ತೇವೆ. ಸ್ಕ್ಯಾನ್, ಅಲ್ಬುಮಿನ್, ಪೊಟ್ಯಾಸಿಯಂ, ಸಕ್ಕರೆ, ನಾಲ್ಕನ್ನೂ ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕುತ್ತೇನೆ.